ಮೀನಿನ ಬಿಸಲೆ, ಮಾಲ್ಬೆಕ್ ಪೀಪಾಯಿ

ವಿಸ್ಕಿ ಬಾಟಲಿಯನ್ನು ಅರ್ಧ ಹಾಳು ಮಾಡಿದ್ದು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸ್ಕಾಟ್ಲೆಂಡಿನಲ್ಲಿ ಓದಲು ಹೋಗಿದ್ದ ಸ್ನೇಹಿತನ ಮಗ 2018ರಲ್ಲಿ ರಜೆಗೆ ಬಂದಾಗ ತಂದುಕೊಟ್ಟದ್ದು ಅದು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅವನ ಬ್ಯಾಗಿನಲ್ಲಿ ಎರಡು ಬಾಟಲಿ ಇತ್ತಂತೆ. ಒಂದು ಅವನ ಅಪ್ಪನಿಗೆ, ಒಂದು ನನಗೆ. ಲೇಬಲ್ಲಿನಲ್ಲಿ ಲಾಂಗ್‌ರೋ ರೆಡ್ ಅಂತ ಇತ್ತು. ಕೆಳಗೆ ಮಾಲ್ಬೆಕ್. 13 ವರ್ಷ. ಮದ್ಯದ ಅಂಶ ಶೇಕಡ 51.3. ಮಾಲ್ಬೆಕ್ ಅಂದರೆ ಕೆಂಪು ವೈನ್ ಮಾಡುವ ದ್ರಾಕ್ಷಿ ಅಂತ ಎಲ್ಲೋ ಓದಿದ್ದೆ. ವೈನ್ ಬಾಟಲಿಯನ್ನು ಮಲಗಿಸಿ ಇಡಬೇಕು ಅಂತಲೂ ಓದಿದ್ದೆ. ಎರಡು ಅರ್ಧ ತಿಳಿವಳಿಕೆ ಸೇರಿ ಒಂದು ಪೂರ್ತಿ ತಪ್ಪಾಯಿತು. ಗೋದ್ರೇಜ್ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ, ಹಳೇ ಬೆಡ್‌ಶೀಟಿನ ಮಧ್ಯೆ, ಅದನ್ನು ಮಗುವಿನ ಹಾಗೆ ಮಲಗಿಸಿಬಿಟ್ಟೆ.

ವೈನನ್ನು ಮಲಗಿಸುವುದು ಬಿರಡೆ ಒಣಗದಿರಲಿ ಅಂತ. ವಿಸ್ಕಿ ಹಾಗಲ್ಲ. ಅದರ ಮದ್ಯದ ಅಂಶ ವೈನಿನ ಮೂರ್ನಾಲ್ಕು ಪಟ್ಟು. ವರ್ಷಗಟ್ಟಲೆ ಬಿರಡೆಗೆ ತಾಗಿಕೊಂಡಿದ್ದರೆ ಅದನ್ನು ತಿಂದೇ ಹಾಕುತ್ತದೆ. ವಿಸ್ಕಿ ಬಾಟಲಿ ನಿಂತಿರಬೇಕು. ಇದು ನನಗೆ ಗೊತ್ತಾದದ್ದು ಈ ಜೂನ್‌ನಲ್ಲಿ, ಬಿರಡೆ ಕೈಯಲ್ಲಿ ಅರ್ಧ ಬಂದು, ಉಳಿದರ್ಧ ಒಳಗೆ ಬಿದ್ದು, ಬೆಲ್ಲದ ಪುಡಿಯ ಹಾಗೆ ತೇಲಾಡತೊಡಗಿದಾಗ.

ಹೊರಗೆ ಮಳೆ. ಕರೆಂಟ್ ಹೋಗಿ ಗಂಟೆಯಾಗಿತ್ತು. ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲಿ ಕಟ್ಟಿಹಾಕಿಕೊಂಡಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಂಜಿನ್ ಬೋಟು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮನೆಯಲ್ಲಿ ಒಣಮೀನಿನ ಕಾಲ. ಅಮ್ಮ ಒಣ ಸೀಗಡಿ ಹುರಿದು ಚಟ್ನಿ ಮಾಡಿದ್ದರು. ಆ ವಾಸನೆ ಇಡೀ ಮನೆಯನ್ನು ಆಳುತ್ತಿತ್ತು. ಇಂಥ ಮನೆಯಲ್ಲಿ ಕೂತು ಸೂಕ್ಷ್ಮವಾಗಿ ವಿಸ್ಕಿ ಮೂಸುತ್ತೇನೆ ಅನ್ನುವವನ ಧೈರ್ಯ ನೋಡಿ.

ಮೊದಲು ಸೋಸಬೇಕಿತ್ತು. ಚಾ ಸೋಸುವ ಜಾಲರಿ ಎತ್ತಿಕೊಂಡೆ, ಮೂಸಿದೆ, ಇಟ್ಟೆ. ಅದಕ್ಕೆ ಹತ್ತು ವರ್ಷದ ಚಾ ವಾಸನೆ. ತೆಂಗಿನ ಹಾಲು ಹಿಂಡುವ ಬಟ್ಟೆ ಕೇಳುವ ಧೈರ್ಯ ಬರಲಿಲ್ಲ. ಕೊನೆಗೆ ಹೊಸ ಕರ್ಚೀಫ್ ಒಂದನ್ನು ಬಿಸಿನೀರಿನಲ್ಲಿ ಕುದಿಸಿ ಅದರಲ್ಲಿ ಸೋಸಿದೆ. ಹಿಡಿದಿಡಲು ಇನ್ನೊಂದು ಪಾತ್ರೆ ಬೇಕಲ್ಲ? ಅಡಿಗೆ ಮನೆಯ ಅಟ್ಟದಲ್ಲಿ ಮೂರು ಹಳೇ ಹಾರ್ಲಿಕ್ಸ್ ಬಾಟಲಿ ಸಿಕ್ಕವು. ಒಂದರಲ್ಲಿ ಮಿಡಿ ಉಪ್ಪಿನಕಾಯಿ ಇತ್ತು ಅಂತ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಯಿತು. ಇನ್ನೊಂದರಲ್ಲಿ ಜೀರಿಗೆ. ಮೂರನೆಯದು ಮಾತ್ರ ಏನೂ ಹೇಳಲಿಲ್ಲ. ಅದನ್ನೇ ತೆಗೆದುಕೊಂಡೆ.

ಅರ್ಧ ಗಂಟೆ ಹೀಗೆ ಒಂದೊಂದೇ ಪಾತ್ರೆ ಮೂಸುತ್ತಾ ಓಡಾಡಿದೆ. ಆಮೇಲೆ ನಗು ಬಂತು. ಯಾವುದರ ವಾಸನೆಯೂ ಹತ್ತದಿರಲಿ ಅಂತ ನಾನು ಇಷ್ಟು ಹೆದರುತ್ತಿದ್ದ ಆ ವಿಸ್ಕಿ, ಹುಟ್ಟಿನಿಂದಲೇ ಬೇರೆಯವರ ಪಾತ್ರೆಯ ವಾಸನೆ ಹತ್ತಿಸಿಕೊಂಡು ದೊಡ್ಡದಾದದ್ದು. ಅದರ ಬೆಲೆಯೇ ಆ ವಾಸನೆಗೆ.

ಕರಾವಳಿಯ ಯಾವ ಅಡಿಗೆ ಮನೆಯಲ್ಲೂ ಈ ವಿಷಯಕ್ಕೆ ಗಟ್ಟಿ ಕಾನೂನಿದೆ. ಮೀನಿನ ಬಿಸಲೆ ಬೇರೆ. ಬಿಸಲೆ ಅಂದರೆ ಮಣ್ಣಿನ ಚಟ್ಟಿ. ಅದರಲ್ಲಿ ಸಾರು ಮಾಡುವಂತಿಲ್ಲ, ಹಾಲು ಕಾಯಿಸುವುದಂತೂ ದೂರದ ಮಾತು. ಮಣ್ಣು ಹೀರಿಕೊಳ್ಳುತ್ತದೆ. ಎಷ್ಟು ತಿಕ್ಕಿದರೂ ಮರೆಯುವುದಿಲ್ಲ. ಆದರೆ ಅದೇ ಕಾರಣಕ್ಕೆ ಮೀನಿಗೆ ಹಳೇ ಬಿಸಲೆಯೇ ಬೇಕು. ಹೊಸ ಬಿಸಲೆಯಲ್ಲಿ ಮಾಡಿದ ಬಂಗುಡೆ ಗಸಿಗೂ ಹತ್ತು ವರ್ಷ ಪಳಗಿದ ಬಿಸಲೆಯ ಗಸಿಗೂ ಅಜಗಜಾಂತರ. ನಮ್ಮಲ್ಲಿ ಒಂದು ಬಿಸಲೆ ಒಡೆದ ದಿನ ಅಮ್ಮ ಸತ್ತವರ ಮನೆಯಲ್ಲಿ ಕೂತ ಹಾಗೆ ಕೂತಿದ್ದರು.

ಸ್ಕಾಟ್ಲೆಂಡಿನವರು ಮಾಡುವುದೂ ಇದನ್ನೇ. ಓಕ್ ಮರವೂ ಹೀರಿಕೊಳ್ಳುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಎಂಬ ಅಲ್ಲಿನ ವಿಸ್ಕಿಗೆ ಪ್ರತಿ ಸಲ ಹೊಸ, ಒಳಗೆ ಸುಟ್ಟ ಓಕ್ ಪಾತ್ರೆಯೇ ಬೇಕು. ಹಾಗಾಗಿ ಒಂದೇ ಸಲ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಲಕ್ಷಗಟ್ಟಲೆ ಮಾರಾಟಕ್ಕೆ ಬರುತ್ತವೆ. ಅವನ್ನು ಸ್ಕಾಟ್ಲೆಂಡಿನವರು ಕೊಳ್ಳುತ್ತಾರೆ. ಶೆರಿ, ಪೋರ್ಟ್, ವೈನ್ ತುಂಬಿದ್ದ ಪೀಪಾಯಿಗಳನ್ನೂ ಕೊಳ್ಳುತ್ತಾರೆ. ಅಂದ ಹಾಗೆ ಪೀಪಾಯಿ ಅನ್ನುವ ನಮ್ಮ ಮಾತೇ ಪೋರ್ಚುಗೀಸರ ‘ಪೀಪಾ’ದಿಂದ ಬಂದದ್ದು. ಪೋರ್ಟ್ ವೈನಿನವರು ತಮ್ಮ ದೊಡ್ಡ ಪಾತ್ರೆಗೆ ಇವತ್ತಿಗೂ ‘ಪೈಪ್’ ಅನ್ನುತ್ತಾರಲ್ಲ, ಅದೂ ಇದರದೇ ಅಣ್ಣತಮ್ಮ. ಮಂಗಳೂರಿಗೆ ಕೋಟೆ ಕಟ್ಟಲು ಬಂದವರು ಬಿಟ್ಟುಹೋದ ಸಾಮಾನುಗಳಲ್ಲಿ ಈ ಒಂದು ಶಬ್ದವೂ ಇದೆ.

ನನ್ನ ಬಾಟಲಿಯ ವಿಸ್ಕಿ ಹೆಚ್ಚಿನ ಕಾಲ ಬರ್ಬನ್ ಪೀಪಾಯಿಯಲ್ಲಿ ಕಳೆದು, ಕೊನೆಗೆ ಒಂದು ವರ್ಷದ ಮೇಲೆ ಸ್ವಲ್ಪ ದಿನ ಮಾಲ್ಬೆಕ್ ಪೀಪಾಯಿಯಲ್ಲಿ ಇತ್ತು. ಹುಟ್ಟಿದ ಊರು ಕ್ಯಾಂಪ್‌ಬೆಲ್‌ಟೌನ್. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ, ಕಿಂಟೈರ್ ಎಂಬ ಉದ್ದ ನಾಲಗೆಯಂಥ ನೆಲದ ತುದಿಯಲ್ಲಿರುವ ಬಂದರು. ಮಾಡುವವರು ಸ್ಪ್ರಿಂಗ್‌ಬ್ಯಾಂಕ್. 1828ರಿಂದ ಇರುವ ಡಿಸ್ಟಿಲರಿ. ಬಾರ್ಲಿ ನೆನೆಸುವುದು, ನೆಲದ ಮೇಲೆ ಹರಡಿ ಮೊಳಕೆ ಬರಿಸುವುದು, ಭಟ್ಟಿ ಇಳಿಸುವುದು, ಬಾಟಲಿಗೆ ತುಂಬುವುದು, ಎಲ್ಲ ಅಲ್ಲೇ. ಅಲ್ಲಿ ಮೂರು ಬಗೆ ಮಾಡುತ್ತಾರೆ. ಅದರಲ್ಲಿ ಹೊಗೆಯ ವಾಸನೆ ಜಾಸ್ತಿ ಇರುವುದು ಲಾಂಗ್‌ರೋ. ಮೊದಲ ಲಾಂಗ್‌ರೋ ಭಟ್ಟಿ ಇಳಿದದ್ದು 1973ರಲ್ಲಿ. ಹೊಗೆಯ ವಿಸ್ಕಿ ಅಂದರೆ ಐಲಾ ದ್ವೀಪದ್ದೇ ಅನ್ನುವ ಮಾತಿಗೆ, ನಾವೂ ಮಾಡಬಲ್ಲೆವು ಅಂತ ತೋರಿಸಲು ಮಾಡಿದ್ದಂತೆ. ಹೆಸರು ಮಾತ್ರ ಪಕ್ಕದಲ್ಲೇ ಇದ್ದು 1896ರಲ್ಲಿ ಮುಚ್ಚಿಹೋದ ಹಳೇ ಡಿಸ್ಟಿಲರಿಯದು.

ಈ ಕ್ಯಾಂಪ್‌ಬೆಲ್‌ಟೌನ್ ಕಥೆ ಓದುವಾಗ ನನಗೆ ನಮ್ಮೂರೇ ಕಾಣಿಸಿತು. ಒಂದು ಕಾಲಕ್ಕೆ ಆ ಪುಟ್ಟ ಊರಿನಲ್ಲಿ ಮೂವತ್ತರ ಹತ್ತಿರ ಡಿಸ್ಟಿಲರಿ ಇದ್ದವು. ಎಲ್ಲಿ ನೋಡಿದರೂ ಚಿಮಣಿ. ಆಮೇಲೆ 1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು. ಹತ್ತಿರದ ಕಲ್ಲಿದ್ದಲಿನ ಗಣಿ ಮುಚ್ಚಿತು. ಅವಸರಕ್ಕೆ ಕೆಟ್ಟ ಮಾಲು ಮಾಡಿ ಹೆಸರೂ ಕೆಟ್ಟಿತು. 1930ರ ದಶಕದ ನಡುವಿನ ಹೊತ್ತಿಗೆ ಉಳಿದದ್ದು ಎರಡು. ಈಗ ಮೂರು ಇವೆ. ಕೆಟ್ಟ ಕಾಲದಲ್ಲಿ ಅಲ್ಲಿನ ವಿಸ್ಕಿಯ ಮೇಲೆ ಒಂದು ಅಪವಾದ ಹಬ್ಬಿತ್ತು. ಊರು ಹೆರಿಂಗ್ ಮೀನಿನ ಬಂದರಲ್ಲವೇ, ಮೀನು ತುಂಬಿದ್ದ ಪೀಪಾಯಿಯಲ್ಲೇ ವಿಸ್ಕಿ ತುಂಬಿಸುತ್ತಾರೆ ಅಂತ. ನಿಜವೋ ಸುಳ್ಳೋ, ಇದನ್ನು ಅಮ್ಮನಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ. “ಮೀನಿನದ್ದಕ್ಕೆ ಮೀನೇ ಹಾಕಬೇಕು” ಅಂದರು, ಕಾನೂನು ಓದಿ ಹೇಳುವವರ ಹಾಗೆ.

ಮಂಗಳೂರಿನ ಚಿಮಣಿಗಳು ಹಂಚಿನ ಕಾರ್ಖಾನೆಯವು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಶನರಿಯ ಕೆಲಸ ಅದು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಒಂದರ ಹಿಂದೆ ಒಂದು ಎದ್ದವು. ಹೊಳೆಯ ಆವೆಮಣ್ಣು, ಘಟ್ಟದ ಕಟ್ಟಿಗೆ, ಬಂದರು, ಮೂರೂ ಕೈಗೆಟಕುವಷ್ಟು ಹತ್ತಿರ. ಈಗ ಹೆಚ್ಚಿನವು ಮುಚ್ಚಿವೆ. ಚಿಮಣಿ ನಿಂತಿದ್ದ ಕಡೆ ಅಪಾರ್ಟ್‌ಮೆಂಟು.

ನನ್ನ ಅಪ್ಪ ಅಂಥ ಒಂದು ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದರು. ಹಂಚು ಸುಡುವುದಕ್ಕೂ ಭಟ್ಟಿ, ಸಾರಾಯಿ ಇಳಿಸುವುದಕ್ಕೂ ಭಟ್ಟಿ. ಕನ್ನಡ ಎರಡಕ್ಕೂ ಒಂದೇ ಮಾತು ಇಟ್ಟಿದೆ. ಅಪ್ಪನ ವಿಷಯದಲ್ಲಿ ಅದು ಸರಿಯಾಗಿಯೇ ಇತ್ತು. ಸಂಜೆ ಬಂದು ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಸುರಿದುಕೊಂಡರೂ ಅವರ ಮೈಯಿಂದ ಹೊಗೆ ಹೋಗುತ್ತಿರಲಿಲ್ಲ. ಶನಿವಾರ ಬಟವಾಡೆಯ ದಿನ. ಆ ದಿನ ಹೊಗೆಯ ಜೊತೆ ಇನ್ನೊಂದು ವಾಸನೆಯೂ ಬರುತ್ತಿತ್ತು. ಅಮ್ಮ ಜಗಲಿಯ ಮೂಲೆಯಲ್ಲಿ ಕೂತು, ಗೇಟಿನ ಸದ್ದಿನ ಮೇಲೆಯೇ ಎಷ್ಟು ಹಣ ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದರು. ಗೇಟು ಮೆಲ್ಲ ತೆರೆದರೆ ಅಕ್ಕಿಗೆ ಸಾಕು. ದಡಾರ್ ಅಂದರೆ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ವಿಸ್ಕಿಯ ಬಗ್ಗೆ ಬರೆಯುವವರ ಬರಹದಲ್ಲಿ ಈ ಗೇಟಿನ ಸದ್ದು ಬರುವುದೇ ಇಲ್ಲ. ಎಲ್ಲ ಕಡೆ ಚರ್ಮದ ಸೋಫಾ, ಅಗ್ಗಿಷ್ಟಿಕೆ. ಸರ್ಕಾರ 2007ರ ಜುಲೈಯಲ್ಲಿ ಸಾರಾಯಿ ನಿಲ್ಲಿಸಿದಾಗ ಅಪ್ಪ ಇರಲಿಲ್ಲ. ನಾನು ನಲವತ್ತು ದಾಟಿದ ಮೇಲೆ ಮೊದಲ ಸಲ ಗ್ಲಾಸು ಹಿಡಿದೆ. ಇವತ್ತಿಗೂ ಎರಡು ಸಲ 30 ಮಿಲಿ, ಅಷ್ಟೇ. ಅಮ್ಮನ ಎದುರು ಕುಡಿಯುವುದಿಲ್ಲ. ಅವರಿಗೆ ಗೊತ್ತಿಲ್ಲ ಅಂತಲ್ಲ. ನನಗೆ ಗೊತ್ತಿಲ್ಲದ ಹಾಗೆ ಅವರೂ, ಅವರಿಗೆ ಗೊತ್ತಿಲ್ಲದ ಹಾಗೆ ನಾನೂ ಇರುತ್ತೇವೆ. ಕುತ್ತಾರಿನ ಕೊರಗಜ್ಜ ದೈವಕ್ಕೆ ಚಕ್ಕುಲಿ, ಬೀಡದ ಜೊತೆ ಕಲಿ, ಅಂದರೆ ಶೇಂದಿ, ಒಪ್ಪಿಸುವಾಗ ಅಮ್ಮನಿಗೆ ಏನೂ ಅನ್ನಿಸುವುದಿಲ್ಲ. ಅಜ್ಜ ಕುಡಿದರೆ ಕಳೆದುಹೋದ ಸರ ಸಿಗುತ್ತದೆ. ಗಂಡ ಕುಡಿದರೆ ಇದ್ದ ಸರವೂ ಹೋಗುತ್ತದೆ. ಅವರ ಲೆಕ್ಕ ಸರಿಯಾಗಿಯೇ ಇದೆ.

ಸರಿ, ಗ್ಲಾಸಿಗೆ ಬರೋಣ.

ಬಣ್ಣ ಮೊದಲು ಮೋಂಬತ್ತಿಯ ಬೆಳಕಿನಲ್ಲಿ ಕಂಡಿತು. ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ತೊಳೆದಾಗ ಬರುವ ಬಣ್ಣ. ಅದರೊಳಗೆ ಸ್ವಲ್ಪ ಗುಲಾಬಿ. ಗ್ಲಾಸು ಮೊಗ್ಗಿನ ಆಕಾರದ್ದು, ಬಾಯಿ ಕಿರಿದು. ಇಂಥದ್ದು ಇಲ್ಲದಿದ್ದರೂ ನಡೆಯುತ್ತದೆ, ಚಾ ಕುಡಿಯುವ ಸಣ್ಣ ಗ್ಲಾಸೂ ಕೆಟ್ಟದ್ದಲ್ಲ.

ಮೂಗಿಗೆ ಮೊದಲು ಬಂದದ್ದು ಆಸ್ಪತ್ರೆ. ಡೆಟ್ಟಾಲ್, ಅಯೋಡಿನ್, ಗಾಯಕ್ಕೆ ಕಟ್ಟಿದ ಪಟ್ಟಿ. ಇದು ಪೀಟ್ ಹೊಗೆಯ ಗುಣ. ಪೀಟ್ ಅಂದರೆ ಕಲ್ಲಿದ್ದಲಾಗಲು ಹೊರಟು ಅರ್ಧ ದಾರಿಯಲ್ಲಿ ಕೂತದ್ದು. ನೀರು ನಿಂತ ಜೌಗಿನಲ್ಲಿ ಪಾಚಿ, ಹುಲ್ಲು, ಹೆದರ್ ಗಿಡ ಸತ್ತು, ಪೂರ್ತಿ ಕೊಳೆಯದೆ ಪದರ ಪದರವಾಗಿ ಒತ್ತಿಕೊಂಡು ಆದದ್ದು. ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಒಂದು ಮೀಟರ್ ಆಳಕ್ಕೆ ಗುದ್ದಲಿ ಹಾಕಿದರೆ ಸಾವಿರ ವರ್ಷದ ಕೆಳಗೆ ಇಳಿದ ಹಾಗೆ. ಅದನ್ನು ಕಡಿದು ಒಣಗಿಸಿ ಉರಿಸಿ, ಮೊಳಕೆ ಬಂದ ಬಾರ್ಲಿ ಇನ್ನೂ ಹಸಿಯಿರುವಾಗಲೇ ಹೊಗೆ ಹಿಡಿಸುತ್ತಾರೆ. ಹಸಿ ಸಿಪ್ಪೆಗೆ ಹೊಗೆ ಚೆನ್ನಾಗಿ ಅಂಟುತ್ತದೆ. ಸ್ಪ್ರಿಂಗ್‌ಬ್ಯಾಂಕ್ ಹೆಸರಿನ ವಿಸ್ಕಿಗೆ 6 ಗಂಟೆ ಹೊಗೆ, ಉಳಿದದ್ದು ಬಿಸಿಗಾಳಿ. ಲಾಂಗ್‌ರೋಗೆ 48 ಗಂಟೆ ಹೊಗೆ. ಹೊಗೆಯ ವಾಸನೆ ಕೊಡುವ ಫಿನಾಲ್ ಎಂಬ ರಾಸಾಯನಿಕಗಳನ್ನು ಬಾರ್ಲಿಯಲ್ಲಿ ಅಳೆದರೆ ಹತ್ತು ಲಕ್ಷ ಭಾಗಕ್ಕೆ 50ರ ಆಸುಪಾಸು. ಭಟ್ಟಿ ಇಳಿಯುವಾಗ ಅದರಲ್ಲಿ ತುಂಬ ಭಾಗ ಉದುರಿಹೋಗುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಆ ಅಂಕಿ ನೋಡಿ ಹೆದರಬೇಕಾಗಿಲ್ಲ, ಹಿಗ್ಗಬೇಕಾಗಿಯೂ ಇಲ್ಲ.

ಆಸ್ಪತ್ರೆ ಎರಡು ನಿಮಿಷದಲ್ಲಿ ದಾಟಿಹೋಯಿತು. ಆಮೇಲೆ ಬಂದದ್ದನ್ನು ಹೇಳಲು ನನಗೆ ಒಂದು ಶಬ್ದ ನಾಲಗೆಯ ತುದಿಯಲ್ಲಿತ್ತು, ಸಿಗಲಿಲ್ಲ. ಹುಳಿ ಇತ್ತು, ಆದರೆ ನಿಂಬೆಯ ಹಾಗೆ ಚುಚ್ಚುವ ಹುಳಿಯಲ್ಲ. ಹಣ್ಣಿತ್ತು, ಆದರೆ ತಾಜಾ ಹಣ್ಣಲ್ಲ. ಹೊಗೆ ಹಿಡಿದ, ಕಪ್ಪಾದ, ಎಲ್ಲೋ ಅಟ್ಟದ ಮೇಲೆ ಇಟ್ಟ ಏನೋ. ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ರಾಸ್ಪ್‌ಬೆರಿ, ಕ್ರಿಸ್ಮಸ್ ಕೇಕು, ಕ್ಯಾಂಪ್ ಬೆಂಕಿ ಅಂತೆಲ್ಲ ಬರೆಯುತ್ತಾರೆ. ನಾನು ರಾಸ್ಪ್‌ಬೆರಿ ತಿಂದದ್ದು ಐಸ್‌ಕ್ರೀಮಿನಲ್ಲಿ ಮಾತ್ರ. ಅದರ ಮೇಲೆ ಪ್ರಮಾಣ ಮಾಡಿ ಹೇಳಲಾರೆ.

ನಾಲಗೆಗೆ ಹಾಕಿದಾಗ ಮೊದಲು ಸಿಹಿ. ಜೇನಿನಂಥ, ವೆನಿಲಾದಂಥ ಸಿಹಿ, ಇದು ಬರ್ಬನ್ ಪೀಪಾಯಿಯ ಕೊಡುಗೆ. ಹಿಂದೆಯೇ ಬೆಂಕಿ. ಅದರ ಹಿಂದೆ ಒಗರು. ಈ ಕೊನೆಯದು ಮಾಲ್ಬೆಕ್. ಕೆಂಪು ವೈನಿನ ಒಗರು ಮರದೊಳಗೆ ಕೂತಿದ್ದು, ಅಲ್ಲಿಂದ ಇಳಿದು ಬಂದದ್ದು. ನೇರಳೆಹಣ್ಣು ತಿಂದು ನಾಲಗೆ ನೇರಳೆಯಾಗಿ ದಪ್ಪವಾದ ಹಾಗೆ ಅನ್ನಿಸುತ್ತದಲ್ಲ, ಹಾಗೆ. ಗೇರುಹಣ್ಣು ಕಚ್ಚಿದಾಗ ಗಂಟಲು ಹಿಡಿಯುತ್ತದಲ್ಲ, ಅದರ ತಂಗಿ. ಅಡಿಕೆ ಬಲ್ಲವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಘಟ್ಟದ ಕೆಳಗಿನ ನಮ್ಮವರದ್ದು ಚಾಲಿ, ಬಿಸಿಲಿಗೆ ಒಣಗಿಸಿದ ಬಿಳಿ ಅಡಿಕೆ. ಘಟ್ಟದ ಮೇಲಿನವರು ಹಸಿ ಅಡಿಕೆ ಸುಲಿದು ಬೇಯಿಸಿ, ಬೇಯಿಸಿದ ನೀರಿನ ಚೊಗರನ್ನೇ ಮತ್ತೆ ಅದಕ್ಕೆ ಹಿಡಿಸಿ ಕೆಂಪಡಿಕೆ ಮಾಡುತ್ತಾರೆ. ಬರ್ಬನ್ ಪೀಪಾಯಿಯ ವಿಸ್ಕಿ ಚಾಲಿ. ವೈನ್ ಪೀಪಾಯಿಗೆ ಹಾಕಿದ್ದು ಚೊಗರು ಹಿಡಿಸಿದ್ದು. ಬಣ್ಣ ಬರುತ್ತದೆ, ಮೆರುಗು ಬರುತ್ತದೆ, ಬೆಲೆಯೂ ಬರುತ್ತದೆ. ಒಳಗಿನ ಅಡಿಕೆ ಹೇಗಿತ್ತು ಅಂತ ಮಾತ್ರ ಆಮೇಲೆ ಗೊತ್ತಾಗುವುದಿಲ್ಲ.

ನನ್ನ ತಕರಾರು ಇಲ್ಲಿಯೇ ಇರುವುದು. ಈಗ ಪ್ರತಿಯೊಬ್ಬರೂ ವೈನ್ ಪೀಪಾಯಿಯ ಮಾತಾಡುತ್ತಾರೆ. ಎಳಸು ವಿಸ್ಕಿಯನ್ನು ಕೊನೆಗೆ ನಾಲ್ಕು ತಿಂಗಳು ಕೆಂಪು ಪೀಪಾಯಿಗೆ ಹಾಕಿ ತೆಗೆದರೆ ಮದುಮಗಳ ಮೇಕಪ್ಪಿನ ಹಾಗೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಇನ್ನೊಂದು ತೊಂದರೆ ಗಂಧಕದ್ದು. ಖಾಲಿ ಪೀಪಾಯಿ ಕೆಡಬಾರದೆಂದು ಒಳಗೆ ಗಂಧಕದ ಬತ್ತಿ ಉರಿಸುವ ರೂಢಿ ಇದೆ. ಅದು ಉಳಿದುಕೊಂಡರೆ ವಿಸ್ಕಿಯಲ್ಲಿ ದೀಪಾವಳಿಯ ಮಾರನೆಯ ದಿನದ ಅಂಗಳದ ವಾಸನೆ. ಹೊಗೆಯ ವಿಸ್ಕಿಗೆ ಇದು ಇನ್ನೂ ಅಪಾಯ. ಹೊಗೆಯೂ ಒಗರೂ ಇಬ್ಬರೂ ಜೋರಿನವರು. ಒಂದೇ ಮನೆಗೆ ಇಬ್ಬರು ಸೊಸೆಯಂದಿರು ಒಂದೇ ದಿನ ಬಂದ ಹಾಗೆ.

ಜಾಣರು ದಾರಿ ಹುಡುಕಿಕೊಂಡಿದ್ದಾರೆ. ಜಿಮ್ ಸ್ವಾನ್ ಎಂಬ ಸ್ಕಾಟ್ಲೆಂಡಿನ ರಸಾಯನ ತಜ್ಞರು ವೈನ್ ಪೀಪಾಯಿಯ ಒಳಮೈಯನ್ನು ಕೆರೆದು, ಹದವಾಗಿ ಹುರಿದು, ಮತ್ತೆ ಸುಡುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಹುಳಿಯಾದ ಮೇಲಿನ ಪದರ ಹೋಗುತ್ತದೆ, ಒಳಗೆ ಇಳಿದ ವೈನ್ ಮಾತ್ರ ಉಳಿಯುತ್ತದೆ. ತೈವಾನಿನ ಕವಲಾನ್‌ನವರು ಅಂಥ ಪೀಪಾಯಿಯಲ್ಲಿ ಇಟ್ಟ ಸೋಲಿಸ್ಟ್ ವಿನ್ಯೋ ಬಾರಿಕ್ 2015ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮೊಳಕೆ ಬಾರ್ಲಿಯ ವಿಸ್ಕಿ, ಅನ್ನಿಸಿಕೊಂಡಿತು. ಅದರಲ್ಲಿ ಹೊಗೆಯಿಲ್ಲ. ನಮ್ಮವರೂ ಹಿಂದೆ ಬಿದ್ದಿಲ್ಲ. ಹರಿಯಾಣದ ‘ಇಂದ್ರಿ’ ಹೆಸರಿನ ವಿಸ್ಕಿಗಳಲ್ಲೊಂದಾದ ತ್ರಿನಿಯಲ್ಲಿ ಬರ್ಬನ್, ಶೆರಿ, ಫ್ರೆಂಚ್ ವೈನ್, ಮೂರೂ ಪೀಪಾಯಿಗಳಿವೆ. ಬೆಂಗಳೂರಿನ ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ಸೂಜಿ ಮಾರುವವರ ಕೇರಿಯಲ್ಲಿ ಸೂಜಿ ಮಾರಿದ ಧೈರ್ಯ ಅದು. ಅವರ ಫ್ಯೂಜನ್ ಎಂಬ ವಿಸ್ಕಿಯಲ್ಲಿ ನಮ್ಮ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆಯ ಬಾರ್ಲಿ ಸೇರಿದೆ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇಕಡ 10ಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಸುಮಾರು 2. ದೇವತೆಗಳ ಪಾಲು ಅನ್ನುತ್ತಾರೆ ಅದಕ್ಕೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ. ಹಾಗಾಗಿ ಇಲ್ಲಿ 13 ವರ್ಷ ಕಾಯುವವರು ಅಪರೂಪ, ಅಷ್ಟರಲ್ಲಿ ಪೀಪಾಯಿಯಲ್ಲಿ ಮರ ಮಾತ್ರ ಉಳಿದೀತು.

ಆ ರಾತ್ರಿ ಕೊನೆಗೆ ನೀರು ಹಾಕಿದೆ. ಟೀ ಚಮಚದಲ್ಲಿ ಒಂದು ಚಮಚ, ಕುದಿಸಿ ಆರಿಸಿದ್ದು. ನೀರು ಹಾಕಿದರೆ ಹೊಗೆ ಕಡಿಮೆಯಾಗಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆಗುವುದು ಬೇರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು, ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್, ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ವಸ್ತು, ಮದ್ಯದ ಅಂಶ ಶೇಕಡ 45 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮೇಲ್ಮೈಗೆ ಬಂದು ಕೂರುತ್ತದೆ. ಮದ್ಯ 59ರ ಮೇಲಿದ್ದರೆ ಒಳಗೆ ಮುಳುಗಿರುತ್ತದೆ. ನನ್ನ 51.3 ಇವೆರಡರ ನಡುವೆ, ಹೊಸಿಲ ಮೇಲೆ ನಿಂತ ನೆಂಟನ ಹಾಗೆ. ಒಂದು ಚಮಚ ನೀರಿಗೆ ಅದು ಒಳಗೆ ಬಂದೇಬಿಟ್ಟಿತು. ಆಸ್ಪತ್ರೆ ಪೂರ್ತಿ ಹೋಗಿ, ಆರುತ್ತಿರುವ ಹಂಚಿನ ಭಟ್ಟಿ ಬಂತು. ಬೆಂಕಿ ನಂದಿ ಎರಡನೇ ದಿನ ಬಾಗಿಲ ಇಟ್ಟಿಗೆ ತೆಗೆದಾಗ ಬರುವ, ಬೂದಿ ಮತ್ತು ಬಿಸಿ ಮಣ್ಣಿನ ಉಸಿರು. ಊಟದ ಬುತ್ತಿ ಕೊಡಲು ಹೋದಾಗ ನಾನು ಅದನ್ನು ಕುಡಿದಿದ್ದೇನೆ. ಗ್ಲಾಸು ಕೆಳಗಿಟ್ಟು ಸ್ವಲ್ಪ ಹೊತ್ತು ಮಳೆ ನೋಡಿದೆ.

ಆದರೂ ನಿಜ ಹೇಳಬೇಕು. ಆ ದಿನ ಅದು ನನಗೆ ಅಷ್ಟು ಇಷ್ಟವಾಗಲಿಲ್ಲ. ಹೊಗೆ ಒಂದು ಕಡೆ, ವೈನ್ ಒಂದು ಕಡೆ, ಮಾತು ಬಿಟ್ಟವರ ಹಾಗೆ ಇದ್ದವು. ಒಣ ಸೀಗಡಿ ಚಟ್ನಿಯ ಜೊತೆ ಒಗರು ಇನ್ನೂ ಏರಿ ಲೋಹದ ರುಚಿ ಬಂತು. ಕೆಂಪು ವೈನಿಗೂ ಮೀನಿಗೂ ಆಗುವುದಿಲ್ಲ ಅನ್ನುವುದು ಪೀಪಾಯಿಯ ಮೂಲಕ ಬಂದರೂ ಸುಳ್ಳಾಗಲಿಲ್ಲ. ಮರುದಿನ ಪತ್ರೊಡೆಯ ಜೊತೆ ಪ್ರಯತ್ನಿಸಿದೆ. ಹುಳಿ, ಬೆಲ್ಲ, ಖಾರ ಇರುವ ಪತ್ರೊಡೆಗೆ ಅದು ಸ್ವಲ್ಪ ಬಗ್ಗಿತು.

ಬೆಳಿಗ್ಗೆ ಗ್ಲಾಸು ತೊಳೆಯಲು ಮರೆತಿದ್ದೆ. ಎದ್ದು ಬರುವಾಗ ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಬೈಗುಳಕ್ಕೆ ತಯಾರಾದೆ. ಅವರು ಮೂಸುತ್ತಿದ್ದರು. ಒಣಗಿದ ಗ್ಲಾಸನ್ನು ಮರುದಿನ ಮೂಸಿ ನೋಡುವುದು ವಿಸ್ಕಿಯವರಲ್ಲಿ ದೊಡ್ಡ ಪಂಡಿತರ ಅಭ್ಯಾಸ. ಮದ್ಯ ಹಾರಿಹೋಗಿ ಹೊಗೆ, ಮರ ಮಾತ್ರ ಉಳಿದಿರುತ್ತದೆ. ಅಮ್ಮನಿಗೆ ಅದೆಲ್ಲ ಯಾರು ಹೇಳಿದ್ದಾರೆ?

“ಪೊಗೆತ ಕಮ್ಮೆನ” ಅಂದರು. ಹೊಗೆ ವಾಸನೆ. ಇನ್ನೊಮ್ಮೆ ಮೂಸಿದರು. “ಉಪ್ಪಾಗೆ ಹಾಕಿದ್ದಿಯಾ ಇದಕ್ಕೆ?”

ಹಿಂದಿನ ರಾತ್ರಿ ಪೂರ್ತಿ ನಾಲಗೆಯ ತುದಿಯಲ್ಲಿ ಸಿಗದೆ ಇದ್ದ ಶಬ್ದ ಅದು. ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣಾಗುವ, ಆಗ ಬಿಸಿಲಿಲ್ಲದ್ದರಿಂದ ಅಂಗಳದಲ್ಲಿ ಒಣಗಿಸಲಾಗದ ಹುಳಿ ಹಣ್ಣು. ಸಿಪ್ಪೆ ಬಿಡಿಸಿ ಒಲೆಯ ಮೇಲಿನ ತಟ್ಟಿಯಲ್ಲಿ ಹರಡಿ ಹೊಗೆಯಲ್ಲೇ ಒಣಗಿಸುತ್ತಾರೆ. ಕಪ್ಪಾಗಿ, ಚರ್ಮದ ಹಾಗೆ ಮೆತ್ತಗಾಗಿ, ಹುಳಿಯೂ ಹೊಗೆಯೂ ಹಣ್ಣೂ ಒಂದೇ ಆಗಿಬಿಟ್ಟಿರುತ್ತದೆ. ಬೂತಾಯಿ ಮೀನಿನ ಸಾರಿಗೆ ಎರಡು ಎಸಳು ಹಾಕಿದರೆ ಸಾಕು. ಅಜ್ಜಿಮನೆಯ ಅಡಿಗೆ ಕೋಣೆಯ ಅಟ್ಟದಲ್ಲಿ ಸದಾ ಇರುತ್ತಿತ್ತು. ಹುಳಿ ಹಣ್ಣಿಗೆ ಹೊಗೆ ಹಿಡಿಸುವ ಕೆಲಸವನ್ನು ನಮ್ಮ ಮಳೆಗಾಲ ಎಷ್ಟೋ ಕಾಲದಿಂದ ಸುಮ್ನೆ ಮಾಡುತ್ತಾ ಬಂದಿದೆ. ಅದಕ್ಕೆ ಯಾರೂ ಲೇಬಲ್ ಅಂಟಿಸಿಲ್ಲ.

ಅಮ್ಮ ಗ್ಲಾಸು ಸಿಂಕಿಗೆ ಹಾಕಿ, “ನಿನ್ನ ಅಪ್ಪನ ಅಂಗಿ” ಅಂತ ಏನೋ ಹೇಳಲು ಹೊರಟು ನಿಲ್ಲಿಸಿದರು. ನಾನೂ ಕೇಳಲಿಲ್ಲ.

ಇನ್ನೊಂದು ವಿಸ್ಕಿಯ ಬಿರಡೆ ಹಾಕಿ ಬಾಟಲಿಯನ್ನು ನಿಲ್ಲಿಸಿ ಇಟ್ಟೆ. ಎರಡು ವಾರ ಮುಟ್ಟಲಿಲ್ಲ. ಒಳಗೆ ಗಾಳಿ ಸೇರಿ ಏನಾಗುತ್ತದೆ ನೋಡೋಣ ಅಂತ. ಆಷಾಢದ ಒಂದು ಸಂಜೆ ಮತ್ತೆ ಸುರಿದಾಗ ಜಗಳ ಮುಗಿದಿತ್ತು. ಅಥವಾ ನನ್ನ ಮೂಗಿಗೆ ಹೆಸರು ಸಿಕ್ಕಿದ್ದರಿಂದ ಹಾಗೆ ಅನ್ನಿಸಿತೋ. ಹೊಗೆ ಎಲ್ಲಿ ಮುಗಿಯಿತು, ಹಣ್ಣು ಎಲ್ಲಿ ಶುರುವಾಯಿತು ಅಂತ ಹೇಳಲಾಗುತ್ತಿರಲಿಲ್ಲ. ಒಗರು ಹಿಂದೆ ಸರಿದು ಗಂಟಲ ಬುಡದಲ್ಲಿ ಕೂತಿತ್ತು, ವೀಳ್ಯ ಹಾಕಿ ಉಗಿದ ಮೇಲೆ ಉಳಿಯುವಷ್ಟು. ಆಮೇಲೆ ಆ ಬಾಟಲಿಯನ್ನು ಶನಿವಾರ ಬಿಟ್ಟು ಬೇರೆ ದಿನಗಳಲ್ಲಿ ಕುಡಿದೆ. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಗಣೇಶ ಚೌತಿಯ ಮೊದಲು ಅದು ಮುಗಿಯಿತು. ನಮ್ಮ ಕಡೆ ವಿದೇಶದ ಖಾಲಿ ಬಾಟಲಿಯನ್ನು ಯಾರೂ ಎಸೆಯುವುದಿಲ್ಲ. ಮನಿಪ್ಲಾಂಟ್ ಇಡುತ್ತಾರೆ, ಫ್ರಿಡ್ಜಿನಲ್ಲಿ ನೀರು ಇಡುತ್ತಾರೆ. ಅಮ್ಮ ಅದನ್ನು ಸೋಪು, ಬೂದಿ, ಬಿಸಿನೀರು ಹಾಕಿ ಮೂರು ಸಲ ತೊಳೆದು, ಬೇಸಗೆಯಲ್ಲಿ ಮಾಡಿಟ್ಟ ಪುನರ್ಪುಳಿ ಹಣ್ಣಿನ ಸಿರಪ್ ತುಂಬಿಸಿದರು. ಲೇಬಲ್ ಹಾಗೇ ಇದೆ. ಲಾಂಗ್‌ರೋ ರೆಡ್. ಒಳಗೆ ನಿಜವಾಗಿಯೂ ಕೆಂಪು.

ಮೊನ್ನೆ ಬಂದ ನೆಂಟರಿಗೆ ಅದರಲ್ಲೇ ಶರಬತ್ತು ಮಾಡಿ ಕೊಟ್ಟರು. ಲೋಟ ನನ್ನ ಕೈಗೆ ಕೊಡುವಾಗ ಮೆಲ್ಲ ಹೇಳಿದರು, ಇದಕ್ಕೆ ಇನ್ನೂ ಹೊಗೆ ವಾಸನೆ ಉಂಟು ಅಂತ. ಗಾಜು ಹೀರಿಕೊಳ್ಳುವುದಿಲ್ಲ ಅಮ್ಮ, ಅದು ಮಣ್ಣಲ್ಲ, ಮರವೂ ಅಲ್ಲ ಅಂದೆ. ಅವರು ಒಪ್ಪಲಿಲ್ಲ. ನೆಂಟರು ಹೋದ ಮೇಲೆ ಅಡಿಗೆ ಮನೆಗೆ ಹೋಗಿ ಬಾಟಲಿಯ ಬಿರಡೆ ತೆಗೆದು ಮೂಸಿದೆ. ಪುನರ್ಪುಳಿ, ಬೆಲ್ಲ, ಏಲಕ್ಕಿ. ಇನ್ನೊಮ್ಮೆ ಮೂಸಿದೆ.